ಮಾಜಿ ಸೈನಿಕರಿಗೆ ನ್ಯೂರೋಫೀಡ್‌ಬ್ಯಾಕ್: ಶುರು ಮಾಡುವ ಮೊದಲು ತಿಳಿಯಬೇಕಾದದ್ದು, ಶುರುವಾದ ಮೇಲೆ ಗಮನಿಸಬೇಕಾದದ್ದು

"ಮಾತ್ರೆ ಬೇಡ, ಹಳೇದನ್ನೆಲ್ಲ ಬಾಯಿಬಿಟ್ಟು ಹೇಳೋದೂ ಬೇಡ. ತಲೆಗೆ ವೈರ್ ಅಂಟಿಸಿ ಏನೋ ಮಾಡ್ತಾರಂತಲ್ಲ, ಅದು ನಮ್ಮೋರಿಗೆ ಆಗುತ್ತಾ?"

ಸೇನೆಯಿಂದ ನಿವೃತ್ತರಾಗಿ ಬಂದವರ ಮನೆಗಳಲ್ಲಿ ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೆಂಡತಿ, ಇಲ್ಲವೇ ಬೆಳೆದ ಮಕ್ಕಳು. ರಾತ್ರಿ ಬೆವೆತು ಎದ್ದು ಕೂರುವುದು, ಬಾಗಿಲ ಚಿಲಕ ಮತ್ತೆ ಮತ್ತೆ ನೋಡಿ ಬರುವುದು, ಮದುವೆ ಮನೆಗೆ ಹೋದರೂ ಗೋಡೆಗೆ ಬೆನ್ನು ಕೊಟ್ಟೇ ಕೂರುವುದು, ಪಟಾಕಿ ಸದ್ದು ತಡೆಯಲಾಗದೆ ದೀಪಾವಳಿ ಮುಗಿಯುವ ತನಕ ಹೊರಗೆ ಬಾರದಿರುವುದು. ಇದನ್ನೆಲ್ಲ ವರ್ಷಗಟ್ಟಲೆ ಹತ್ತಿರದಿಂದ ನೋಡಿದವರು ಅವರೇ.

ಉತ್ತರ ನೇರವಾಗಿ ಹೇಳುತ್ತೇನೆ. ಕೆಲವರಿಗೆ ಆಗಬಹುದು. ಆದರೆ ಮೊದಲು ಹೋಗಬೇಕಾದದ್ದು ಅಲ್ಲಿಗಲ್ಲ. ಚೆನ್ನಾಗಿ ಪರೀಕ್ಷೆಯಾದ ಚಿಕಿತ್ಸೆಗಳು ಬೇರೆ ಇವೆ. ಅವುಗಳ ಜೊತೆಗೆ, ಅಥವಾ ಅವುಗಳಿಂದ ಸಾಕಷ್ಟು ಗುಣ ಕಾಣದಿದ್ದಾಗ, ಇದನ್ನು ಸೇರಿಸಿಕೊಳ್ಳಬಹುದು. ಸೇರಿಸಿಕೊಳ್ಳುವವರು ಹೇಗೆ ಮುಂದುವರಿಯಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಇದು ಏನು, ಏನಲ್ಲ

ಮಿದುಳು ಕೆಲಸ ಮಾಡುವಾಗ ತಲೆಯ ಚರ್ಮದ ಮೇಲೆ ತೀರಾ ಸಣ್ಣ ವಿದ್ಯುತ್ ಅಲೆಗಳು ಸಿಗುತ್ತವೆ. ಅವನ್ನು ಅಳೆಯುವುದು ಮೈಕ್ರೋವೋಲ್ಟ್ ಲೆಕ್ಕದಲ್ಲಿ. ಒಂದು ಮೈಕ್ರೋವೋಲ್ಟ್ ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಇವನ್ನು ಮನುಷ್ಯರ ತಲೆಯಿಂದ ದಾಖಲಿಸಿದರು. ಇವತ್ತು ಫಿಟ್ಸ್ ಬಂದವರಿಗೆ ಮಾಡುವ ಇಇಜಿ ಅದೇ. ನ್ಯೂರೋಫೀಡ್‌ಬ್ಯಾಕ್‌ನಲ್ಲಿ ಕಂಪ್ಯೂಟರ್ ಈ ಅಲೆಗಳನ್ನು ಆಗಿಂದಾಗಲೇ ಲೆಕ್ಕ ಹಾಕಿ, ಚಿತ್ರವಾಗಿಯೋ ಸದ್ದಾಗಿಯೋ ನಿಮಗೇ ತೋರಿಸುತ್ತದೆ. ಫೈರಿಂಗ್ ರೇಂಜ್‌ನಲ್ಲಿ ಗುಂಡು ಎಲ್ಲಿ ಬಿತ್ತು ಅಂತ ಆ ಕಡೆಯಿಂದ ತೋರಿಸಿದಾಗಲೇ ಅಲ್ವಾ ಮುಂದಿನ ಗುಂಡು ಸರಿಹೋಗುವುದು? ಇಲ್ಲಿಯೂ ಹಾಗೇ. ಅಲೆ ಬೇಕಾದ ಕಡೆ ತಿರುಗಿದಾಗ ಯಂತ್ರ ತಿಳಿಸುತ್ತದೆ, ಆಮೇಲೆ ಕಲಿಯುವುದು ಮಿದುಳಿನ ಕೆಲಸ.

ಯಂತ್ರದಿಂದ ತಲೆಗೆ ಕರೆಂಟ್ ಹೋಗುವುದಿಲ್ಲ. ತಲೆಯಿಂದ ಯಂತ್ರಕ್ಕೆ ಬರುವುದಷ್ಟೇ. ಮನೆಯಲ್ಲಿ ಇದನ್ನು ಬಿಡಿಸಿ ಹೇಳಿ. "ಶಾಕ್ ಕೊಡ್ತಾರೆ" ಅನ್ನುವ ಹೆದರಿಕೆಗೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ.

ಅಲೆಗಳಿಗೆ ಅವುಗಳ ವೇಗದ ಮೇಲೆ ಹೆಸರಿದೆ. ಸೆಕೆಂಡಿಗೆ 4ರಿಂದ 8 ಸಲ ಏರಿಳಿದರೆ ಥೀಟಾ, 8ರಿಂದ 12 ಆಲ್ಫಾ, 13ರಿಂದ 30 ಬೀಟಾ. ತೂಕಡಿಸುವಾಗ ಥೀಟಾ ಜಾಸ್ತಿ. ಕಣ್ಣು ಮುಚ್ಚಿ ಸುಮ್ನೆ ಕೂತಾಗ ಆಲ್ಫಾ ಜಾಸ್ತಿ. ಕೇಂದ್ರಕ್ಕೆ ಹೋದಾಗ ಈ ಮಾತುಗಳು ಕಿವಿಗೆ ಬೀಳುತ್ತವೆ, ಇಷ್ಟು ಗೊತ್ತಿದ್ದರೆ ಸಾಕು.

ಪುರಾವೆ ಎಷ್ಟಿದೆ

ದುಡ್ಡು ಕಟ್ಟುವ ಮೊದಲು ಇದನ್ನು ಓದಿಕೊಳ್ಳಿ.

ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಕಂಡ ಮೇಲೆಯೇ ಅಮೆರಿಕದ ಮನೋವೈದ್ಯರು 1980ರಲ್ಲಿ ಪಿಟಿಎಸ್‌ಡಿಯನ್ನು, ಅಂದರೆ ದೊಡ್ಡ ಆಘಾತ ಕಂಡ ಮೇಲೆ ಮನಸ್ಸಿನಲ್ಲಿ ಉಳಿದುಬಿಡುವ ತೊಂದರೆಯನ್ನು, ಒಂದು ಕಾಯಿಲೆಯಾಗಿ ತಮ್ಮ ಪಟ್ಟಿಗೆ ಸೇರಿಸಿದ್ದು. ಅದೇ ಸೈನಿಕರ ಮೇಲೆ ಯೂಜೀನ್ ಪೆನಿಸ್ಟನ್ ಮತ್ತು ಪಾಲ್ ಕುಲ್ಕೋಸ್ಕಿ ಮಾಡಿದ ಪ್ರಯೋಗ 1991ರಲ್ಲಿ ಪ್ರಕಟವಾಯಿತು. ಒಟ್ಟು 29 ಜನ. 15 ಜನರಿಗೆ ಅರ್ಧರ್ಧ ಗಂಟೆಯ 30 ಸಿಟ್ಟಿಂಗ್ ಆಲ್ಫಾ–ಥೀಟಾ ತರಬೇತಿ, ಉಳಿದ 14 ಜನರಿಗೆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ. 30 ತಿಂಗಳಾದ ಮೇಲೆ ನೋಡಿದರೆ, ಮಾಮೂಲಿ ಚಿಕಿತ್ಸೆ ಪಡೆದ ಅಷ್ಟೂ ಜನರಿಗೆ ಕಾಯಿಲೆ ಮರುಕಳಿಸಿತ್ತು. ತರಬೇತಿ ಪಡೆದವರಲ್ಲಿ ಮರುಕಳಿಸಿದ್ದು 3 ಜನರಿಗೆ.

ಕೇಳಲು ತುಂಬಾ ಚೆನ್ನಾಗಿದೆ. ಇವತ್ತಿಗೂ ಜಾಹೀರಾತುಗಳು ಇದನ್ನೇ ಹಿಡಿದು ಮಾತಾಡುವುದು ಅದಕ್ಕೇ. ಆದರೆ 29 ಜನರ ಪ್ರಯೋಗ ತೀರಾ ಚಿಕ್ಕದು. ಜೊತೆಗೆ, ತನಗೆ ಹೊಸ ಚಿಕಿತ್ಸೆ ಸಿಗುತ್ತಿದೆ ಅನ್ನುವುದು ತರಬೇತಿ ಪಡೆದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಆ ಭರವಸೆಯೇ ಒಂದಿಷ್ಟು ಗುಣ ಮಾಡಿಬಿಡುತ್ತದೆ.

2016ರಲ್ಲಿ ಬೆಸೆಲ್ ವ್ಯಾನ್ ಡೆರ್ ಕೋಲ್ಕ್ ತಂಡ 52 ಜನರನ್ನು ಎರಡು ಗುಂಪು ಮಾಡಿ ನೋಡಿತು. ಇವರು ಬೇರೆ ಬೇರೆ ಆಘಾತಗಳನ್ನು ಕಂಡವರು, ಬೇರೆ ಚಿಕಿತ್ಸೆಗಳಿಂದ ಗುಣವಾಗದವರು. ಒಂದು ಗುಂಪಿಗೆ 24 ಸಿಟ್ಟಿಂಗ್ ಕೊಟ್ಟರು, ಇನ್ನೊಂದು ಗುಂಪನ್ನು ಕಾಯಿಸಿದರು. ಕೊನೆಗೆ ಪಿಟಿಎಸ್‌ಡಿ ಇನ್ನೂ ಉಳಿದಿದ್ದು ಮೊದಲ ಗುಂಪಿನಲ್ಲಿ ಶೇ. 27ರಷ್ಟು ಮಂದಿಗೆ, ಕಾಯುತ್ತಿದ್ದವರಲ್ಲಿ ಶೇ. 68ರಷ್ಟು ಮಂದಿಗೆ. ಒಳ್ಳೆಯ ಫಲಿತಾಂಶವೇ. ಆದರೂ ಇಲ್ಲಿಯೂ ಹೋಲಿಸಿದ್ದು ಏನೂ ಪಡೆಯದೆ ಕಾದವರ ಜೊತೆ.

ಕೆನಡಾದ ರೂತ್ ಲೇನಿಯಸ್ ತಂಡ 2020ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ಗುಂಪಿಗೆ ನಿಜವಾದ ಫೀಡ್‌ಬ್ಯಾಕ್, ಇನ್ನೊಂದಕ್ಕೆ ಬೇರೆ ಯಾರದೋ ಅಲೆಗಳ ನಕಲಿ ಫೀಡ್‌ಬ್ಯಾಕ್. ವಾರಕ್ಕೊಂದರಂತೆ 20 ವಾರ. ನಿಜವಾದದ್ದು ಪಡೆದವರಲ್ಲಿ ಲಕ್ಷಣಗಳು ತಗ್ಗಿದವು. ಇಲ್ಲಿ ನೀವು ಗಮನಿಸಬೇಕಾದ ಒಂದು ವಿಷಯವಿದೆ. ಪೆನಿಸ್ಟನ್ ಆಲ್ಫಾವನ್ನು ಹೆಚ್ಚಿಸಲು ಕಲಿಸಿದ್ದರು. ಲೇನಿಯಸ್ ತಂಡ ಅದೇ ಆಲ್ಫಾವನ್ನು ತಗ್ಗಿಸಲು ಕಲಿಸಿತು. ಎರಡೂ ಕಡೆ ಜನ ಸುಧಾರಿಸಿದರು ಅಂದರೆ, ಯಾವ ಅಲೆಯನ್ನು ಯಾವ ಕಡೆ ತಿರುಗಿಸಬೇಕು ಅನ್ನುವುದೇ ಇನ್ನೂ ಇತ್ಯರ್ಥವಾಗಿಲ್ಲ. "ನಮ್ಮ ಪ್ರೋಟೋಕಾಲ್ ಒಂದೇ ಸರಿ" ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಟ್ಟುಕೊಳ್ಳಿ.

ಔಷಧ ಮತ್ತು ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2023ರಲ್ಲಿ ಪ್ರಿಸಂ ಅನ್ನುವ ಇಸ್ರೇಲಿ ನ್ಯೂರೋಫೀಡ್‌ಬ್ಯಾಕ್ ಸಾಧನಕ್ಕೆ ಪಿಟಿಎಸ್‌ಡಿಗಾಗಿ ಅನುಮತಿ ಕೊಟ್ಟಿತು. ಅನುಮತಿ ಸಿಕ್ಕಿದ್ದು ಉಳಿದ ಚಿಕಿತ್ಸೆಯ ಜೊತೆಗೆ ಬಳಸಲು, ಅದರ ಬದಲಿಗಲ್ಲ. ಅದೇ ವರ್ಷ ಅಲ್ಲಿನ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆ ಸೇರಿ ಹೊರತಂದ ವೈದ್ಯರ ಮಾರ್ಗಸೂಚಿ, ನ್ಯೂರೋಫೀಡ್‌ಬ್ಯಾಕ್ ಬಗ್ಗೆ "ಮಾಡಿ ಅನ್ನಲೂ ಬೇಡ ಅನ್ನಲೂ ಪುರಾವೆ ಸಾಲದು" ಎಂಬ ನಿಲುವು ತೆಗೆದುಕೊಂಡಿದೆ. ಅದು ಮೊದಲ ಸಾಲಿನಲ್ಲಿ ಇಟ್ಟಿರುವುದು ಮೂರು ಮಾತಿನ ಚಿಕಿತ್ಸೆಗಳನ್ನು: ಪ್ರೊಲಾಂಗ್ಡ್ ಎಕ್ಸ್‌ಪೋಶರ್ (ಹೆದರಿಸುವ ನೆನಪನ್ನು ಮೆಲ್ಲಮೆಲ್ಲನೆ ಎದುರಿಸುವುದು), ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ (ಆಘಾತದ ಬಗ್ಗೆ ಇರುವ ಯೋಚನೆಗಳನ್ನು ತಿದ್ದಿಕೊಳ್ಳುವುದು) ಮತ್ತು ಇಎಮ್‌ಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ನೆನಪನ್ನು ಎದುರಿಸುವುದು). ಮಾತ್ರೆಗಳಲ್ಲಿ ಸರ್ಟ್ರಲೀನ್, ಪ್ಯಾರೊಕ್ಸೆಟೀನ್, ವೆನ್ಲಾಫ್ಯಾಕ್ಸಿನ್. ನಿದ್ದೆಗೆ ಅಂತ ಸಲೀಸಾಗಿ ಬರೆದುಕೊಡುವ ಬೆಂಜೊಡಯಾಜೆಪಿನ್ ಗುಂಪಿನ ಮಾತ್ರೆಗಳು ಪಿಟಿಎಸ್‌ಡಿಗೆ ಬೇಡ ಅನ್ನುತ್ತದೆ. ಅಂಥ ಮಾತ್ರೆ ಈಗಾಗಲೇ ನುಂಗುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ. ಅದನ್ನು ಮೆಲ್ಲಗೆ ಇಳಿಸಬೇಕು, ಡಾಕ್ಟರೇ ಇಳಿಸಬೇಕು.

ಮೊದಲ ಕೆಲಸ: ಮನೋವೈದ್ಯರ ಬಳಿ ಹೋಗುವುದು

ಇದು ಪಿಟಿಎಸ್‌ಡಿ ಹೌದೋ ಅಲ್ಲವೋ ಅನ್ನುವುದನ್ನು ಡಾಕ್ಟರ್ ಕೂತು ಕೇಳಿ ತೀರ್ಮಾನಿಸಬೇಕು. ಲಕ್ಷಣಗಳು ಒಂದು ತಿಂಗಳಿಗಿಂತ ಜಾಸ್ತಿ ಇರಬೇಕು, ಬದುಕಿಗೆ ಅಡ್ಡಿಯಾಗುತ್ತಿರಬೇಕು. ಅದೇ ರೀತಿ ಕಾಣುವ ಬೇರೆ ತೊಂದರೆಗಳೂ ಇವೆ. ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿ ಏಳುವವರಿಗೆ ಸ್ಲೀಪ್ ಅಪ್ನಿಯಾ ಇರಬಹುದು. ಥೈರಾಯ್ಡ್ ಏರುಪೇರಾದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಬಾಂಬ್ ಸ್ಫೋಟದ ಹತ್ತಿರ ಇದ್ದವರಿಗೆ, ಬೆಟ್ಟದಲ್ಲಿ ಬಿದ್ದು ತಲೆಗೆ ಪೆಟ್ಟಾದವರಿಗೆ ಮಿದುಳಿಗೇ ಗಾಯವಾಗಿರಬಹುದು. ಫಿಟ್ಸ್ ಯಾವತ್ತಾದರೂ ಬಂದಿದ್ದರೆ ಕಡ್ಡಾಯವಾಗಿ ಹೇಳಿ. ನ್ಯೂರೋಫೀಡ್‌ಬ್ಯಾಕ್ ಶುರು ಮಾಡುವವರಿಗೆ ಅದು ಗೊತ್ತಿರಲೇಬೇಕು.

ಎಲ್ಲಿಗೆ ಹೋಗಬೇಕು? ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡ್ ಇದ್ದರೆ ನಿಮ್ಮ ಪಾಲಿಕ್ಲಿನಿಕ್‌ನಲ್ಲಿ ಮನೋವೈದ್ಯರಿಗೆ ರೆಫರಲ್ ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿರುತ್ತಾರೆ. ಹೊರಗೆ ಹೋಗಲು ಮನಸ್ಸಿಲ್ಲದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅವರನ್ನು ಒಪ್ಪಿಸುವುದೇ ಕಷ್ಟ ಅಂತ ನೀವು ಹೇಳಬಹುದು. ನಿಜ. "ನಿಮಗೆ ತಲೆ ಸರಿ ಇಲ್ಲ" ಎಂಬ ಧಾಟಿ ಬಂದ ಕೂಡಲೇ ಮಾತು ಮುರಿದುಬೀಳುತ್ತದೆ. ನಿದ್ದೆಯಿಂದ ಶುರು ಮಾಡಿ. "ರೀ, ನೀವು ಎಷ್ಟು ದಿನದಿಂದ ಸರಿಯಾಗಿ ಮಲಗಿಲ್ಲ. ನಂಗೂ ನಿದ್ದೆ ಬರ್ತಿಲ್ಲ. ನಿದ್ದೆ ವಿಷಯಕ್ಕಾದ್ರೂ ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬರೋಣ." ಇಷ್ಟು ಸಾಕು. ಯುದ್ಧ, ಕಾಶ್ಮೀರ, ಅಂದು ಸತ್ತವರ ಹೆಸರು, ಯಾವುದೂ ಬೇಡ. ಮನೆಯವರ ಮಾತಿಗೆ ಜಗ್ಗದವರು ತಮ್ಮ ಪಲ್ಟನ್‌ನವರ ಮಾತು ಕೇಳುತ್ತಾರೆ. ಅದೇ ಯೂನಿಟ್‌ನಲ್ಲಿದ್ದ ಹಿರಿಯ ಸುಬೇದಾರ್ ಸಾಬ್ ಒಬ್ಬರು ಫೋನ್ ಮಾಡಿ "ಹೋಗಿ ತೋರಿಸ್ಕೊಂಡು ಬಾ" ಅಂದರೆ, ತಿಂಗಳುಗಳಿಂದ ಆಗದ ಕೆಲಸ ಆಗಿಬಿಡಬಹುದು.

ಪೆನ್ಷನ್ ನಿಂತುಹೋಗುತ್ತದೆ ಅನ್ನುವ ಹೆದರಿಕೆಯೂ ಇರುತ್ತದೆ. ದುಡಿದು ಗಳಿಸಿದ ಸೇವಾ ಪೆನ್ಷನ್ ಮನೋವೈದ್ಯರ ಬಳಿ ಹೋದ ಕಾರಣಕ್ಕೆ ನಿಲ್ಲುವುದಿಲ್ಲ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು.

ಕೋವಿ ಮತ್ತು ಬಾಟಲಿ

ಸಿಟ್ಟಿಂಗ್ ಶುರುವಾಗುವ ಮೊದಲೇ ಮನೆಯಲ್ಲಿ ಎರಡು ವಿಷಯ ಮಾತಾಡಿ ಮುಗಿಸಿ. ಇದನ್ನು ಯಾವ ಕೇಂದ್ರವೂ ಹೇಳದೇ ಇರಬಹುದು, ಆದರೆ ಈ ಲೇಖನದಲ್ಲಿ ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ.

ಕೊಡಗಿನಲ್ಲಿ ಮನೆಯಲ್ಲಿ ಕೋವಿ ಇರುವುದು ಸಹಜ. ಕೊಡವರಿಗೆ, ಜಮ್ಮಾ (ವಂಶದಿಂದ ಬಂದ ಭೂಮಿಯ) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ, ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆಯೂ ಆಗುತ್ತದೆ. ಬೇರೆ ಜಿಲ್ಲೆಗಳಲ್ಲೂ ಬ್ಯಾಂಕ್ ಸೆಕ್ಯುರಿಟಿ ಕೆಲಸಕ್ಕೆ ಹೋಗುವ ಮಾಜಿ ಸೈನಿಕರ ಬಳಿ ಬಂದೂಕಿರುತ್ತದೆ. ನಿದ್ದೆಗೆಟ್ಟ, ನೊಂದ ಮನಸ್ಸಿಗೆ ಬಂದೂಕು ಕೈಗೆಟುಕುವಂತೆ ಇರಬಾರದು. ಚಿಕಿತ್ಸೆ ನಡೆಯುವಷ್ಟು ದಿನ ಲೈಸೆನ್ಸ್ ಅಥವಾ ವಿನಾಯಿತಿ ಇರುವ ಅಣ್ಣತಮ್ಮಂದಿರ ಮನೆಯಲ್ಲಿ ಇಡಬಹುದೇ ಅಂತ ಠಾಣೆಯಲ್ಲಿ ಕೇಳಿ, ಇಲ್ಲವೇ ಚುನಾವಣೆ ವೇಳೆ ಒಪ್ಪಿಸುವ ಹಾಗೆ ಠಾಣೆಗೇ ಒಪ್ಪಿಸಿ. ಅದಾಗದಿದ್ದರೆ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ, ಬೀಗದ ಕೈ ಬೇರೆಯವರ ಬಳಿ. ಇದು ಅವರನ್ನು ಅನುಮಾನಿಸುವುದಲ್ಲ. ಅವರ ಜೊತೆಯಲ್ಲೇ ಕೂತು, ಅವರೇ ಒಪ್ಪಿ ಮಾಡಬೇಕಾದ ಕೆಲಸ.

ಇನ್ನು ಕುಡಿತ. ಸೇನಾ ಕ್ಯಾಂಟೀನಿನ ಮದ್ಯದ ಕೋಟಾ ಪ್ರತಿ ತಿಂಗಳು ಮನೆಗೆ ಬರುತ್ತದೆ. ನಿದ್ದೆಗಾಗಿ ಕುಡಿಯುವುದು ಅಭ್ಯಾಸವಾಗಿರುತ್ತದೆ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ನಡುರಾತ್ರಿ ಕಳೆದ ಮೇಲೆ ಅದೇ ನಿದ್ದೆ ಕೆಡುತ್ತದೆ, ಕೆಟ್ಟ ಕನಸು ಜಾಸ್ತಿಯಾಗುತ್ತದೆ. ಇಇಜಿ ಅಲೆಗಳೂ ಬದಲಾಗುವುದರಿಂದ ತರಬೇತಿಯೂ ಹಾಳು. ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈ ನಡುಕ, ಫಿಟ್ಸ್ ಬರುವ ಅಪಾಯವಿದೆ. ಅದನ್ನೂ ಡಾಕ್ಟರ್ ನೋಡಿಕೊಂಡೇ ಬಿಡಿಸಬೇಕು.

ಕೇಂದ್ರ ಆರಿಸುವಾಗ

ಚಿಕಿತ್ಸೆ ಕೊಡುವವರ ಓದು ಏನು ಅಂತ ಮೊದಲು ಕೇಳಿ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರುತ್ತದೆ. ಆ ಸಂಖ್ಯೆ ಕೇಳುವುದು ತಪ್ಪಲ್ಲ. ಮನೋವೈದ್ಯರಾದರೆ ಮೆಡಿಕಲ್ ಕೌನ್ಸಿಲ್ ನೋಂದಣಿ. ಯಂತ್ರ ಮಾರುವ ಕಂಪನಿಯ ಎರಡು ದಿನದ ಸರ್ಟಿಫಿಕೇಟ್ ಗೋಡೆ ಮೇಲಿದ್ದರೆ ಅದು ಸಾಲದು. ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದವರು ತಲೆಗೆ ಪೆಟ್ಟಾದವರಿಗೆ ನ್ಯೂರೋಫೀಡ್‌ಬ್ಯಾಕ್ ಕೊಟ್ಟು ಅಧ್ಯಯನ ಪ್ರಕಟಿಸಿದ್ದಾರೆ. ಹಾಗಾಗಿ ಅಲ್ಲಿ ವಿಚಾರಿಸಿಕೊಂಡು ಮುಂದುವರಿಯುವುದು ಒಳ್ಳೆಯದು.

ಆಮೇಲೆ ಈ ಪ್ರಶ್ನೆಗಳು: ಪಿಟಿಎಸ್‌ಡಿ ಇರುವ ಎಷ್ಟು ಜನರಿಗೆ ಮಾಡಿದ್ದೀರಿ? ಯಾವ ಅಲೆ, ತಲೆಯ ಯಾವ ಜಾಗ, ಯಾಕೆ? ಸಿಟ್ಟಿಂಗ್ ನಡುವೆ ಹಳೆಯ ನೆನಪು ನುಗ್ಗಿ ಬಂದರೆ ನಿಭಾಯಿಸುವವರು ಯಾರು? ನಮ್ಮ ಮನೋವೈದ್ಯರ ಜೊತೆ ಮಾತಾಡುತ್ತೀರಾ? ಮೂರನೆಯ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ಎದ್ದು ಬನ್ನಿ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಇರಬೇಕಾದ್ದು ಟೆಕ್ನಿಷಿಯನ್ ಅಲ್ಲ.

ಬಣ್ಣಬಣ್ಣದ ಬ್ರೇನ್ ಮ್ಯಾಪ್ ತೋರಿಸಿ "ನೋಡಿ, ಇಲ್ಲಿ ಕೆಂಪಾಗಿದೆಯಲ್ಲ, ಇದೇ ನಿಮ್ಮ ಪಿಟಿಎಸ್‌ಡಿ" ಅನ್ನುವವರಿದ್ದಾರೆ. ಅಂಥ ಚಿತ್ರ ನೋಡಿ ಪಿಟಿಎಸ್‌ಡಿ ಗುರುತಿಸಲು ಆಗುವುದಿಲ್ಲ. ಅದು ಗೊತ್ತಾಗುವುದು ಮಾತಾಡಿಸಿಯೇ. ಮಾತ್ರೆ ಇವತ್ತೇ ನಿಲ್ಲಿಸಿ ಅನ್ನುವವರು, ನೂರಕ್ಕೆ ನೂರು ಗ್ಯಾರಂಟಿ ಅನ್ನುವವರು, 40 ಸಿಟ್ಟಿಂಗ್‌ಗೆ ಮುಂಗಡ ದುಡ್ಡು ಕಟ್ಟಿಸಿಕೊಳ್ಳುವವರು, ಮೂವರಿಂದಲೂ ದೂರ ಇರಿ.

ಖರ್ಚಿನ ವಿಷಯದಲ್ಲಿ, ಇಸಿಎಚ್‌ಎಸ್‌ನಿಂದ ಇದಕ್ಕೆ ಹಣ ಸಿಗುತ್ತದೆ ಅಂತ ಕೇಂದ್ರದವರ ಬಾಯಿಮಾತು ನಂಬಬೇಡಿ. ಪಾಲಿಕ್ಲಿನಿಕ್‌ನಿಂದಲೇ ಬರಹದಲ್ಲಿ ಉತ್ತರ ಪಡೆಯಿರಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ಕೇಳಿ. ವಾರಕ್ಕೆ ಎರಡರಂತೆ 24 ಸಿಟ್ಟಿಂಗ್ ಅಂದರೆ 12 ವಾರ. ಮಡಿಕೇರಿಯಿಂದಲೋ ಗೋಕಾಕದಿಂದಲೋ ಅಷ್ಟು ಸಲ ಬೆಂಗಳೂರಿಗೆ ಓಡಾಡಿದರೆ ಆ ದಣಿವಿಗೇ ನಿದ್ದೆ ಕೆಡುತ್ತದೆ. ಊರಿನ ಹತ್ತಿರ ಒಳ್ಳೆಯ ಕೇಂದ್ರ ಇಲ್ಲದಿದ್ದರೆ, ಬೆಂಗಳೂರಿನಲ್ಲಿ ನೆಂಟರ ಮನೆಯೂ ಇಲ್ಲದಿದ್ದರೆ, ಆ ದುಡ್ಡು ಮತ್ತು ಸಮಯವನ್ನು ಜಿಲ್ಲೆಯಲ್ಲೇ ಸಿಗುವ ಮಾತಿನ ಚಿಕಿತ್ಸೆಗೆ ಹಾಕುವುದು ಹೆಚ್ಚು ಲಾಭ ಅನ್ನುವುದು ನನ್ನ ಅಭಿಪ್ರಾಯ.

ಹೋಗುವ ಹಿಂದಿನ ದಿನ

ತಲೆಗೆ ಎಣ್ಣೆ ಹಚ್ಚಬೇಡಿ. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದುಕೊಳ್ಳಿ. ಎಣ್ಣೆಯ ಪದರ ಇದ್ದರೆ ತಲೆಗೆ ಅಂಟಿಸುವ ಎಲೆಕ್ಟ್ರೋಡ್‌ಗೆ ಅಲೆ ಸರಿಯಾಗಿ ಸಿಗುವುದಿಲ್ಲ, ಅರ್ಧ ಸಮಯ ಉಜ್ಜುವುದರಲ್ಲೇ ಹೋಗುತ್ತದೆ. ಸಿಟ್ಟಿಂಗ್‌ಗೆ ಮೊದಲು ಸ್ಟ್ರಾಂಗ್ ಕಾಫಿ, ಸಿಗರೇಟು, ತಂಬಾಕು ಬೇಡ. ಹೊಟ್ಟೆ ಖಾಲಿ ಇಟ್ಟುಕೊಂಡೂ ಹೋಗಬೇಡಿ. ಮಾಮೂಲಿ ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಳ್ಳಿ, ಅವುಗಳ ಪಟ್ಟಿ ಜೇಬಿನಲ್ಲಿರಲಿ.

ಕುರ್ಚಿಯಲ್ಲಿ ಕೂತ ಮೇಲೆ

ಮೊದಲ ಸಲ ಕೋಣೆಗೆ ಹೋದಾಗ ಕುರ್ಚಿ ಎಲ್ಲಿದೆ ನೋಡಿ. ಬೆನ್ನ ಹಿಂದೆ ಬಾಗಿಲಿದ್ದರೆ ಅವರ ಮನಸ್ಸೆಲ್ಲ ಬಾಗಿಲಲ್ಲೇ ಇರುತ್ತದೆ. ಕುರ್ಚಿ ತಿರುಗಿಸಿ ಕೊಡಿ ಅಂತ ಕೇಳಿ, ಇದು ದೊಡ್ಡ ಬೇಡಿಕೆಯಲ್ಲ. ಎಲೆಕ್ಟ್ರೋಡ್ ಅಂಟಿಸುವವರು ಹಿಂದಿನಿಂದ ಬಂದು ಸದ್ದಿಲ್ಲದೆ ತಲೆ ಮುಟ್ಟಬಾರದು. "ಸರ್, ಈಗ ಬಲಕಿವಿ ಹಿಂದೆ ಮುಟ್ತೀನಿ" ಅಂತ ಹೇಳಿಯೇ ಮುಟ್ಟಬೇಕು.

ತಲೆಯ ಅಳತೆ ಹಿಡಿದು ಜಾಗ ಗುರುತಿಸುತ್ತಾರೆ. ಆ ಜಾಗವನ್ನು ತರಿ ಇರುವ ಜೆಲ್‌ನಿಂದ ಮೆಲ್ಲಗೆ ಉಜ್ಜಿ, ಅಂಟು ಪೇಸ್ಟ್ ಹಚ್ಚಿ, ಗುಂಡಿ ಗಾತ್ರದ ಎಲೆಕ್ಟ್ರೋಡ್ ಕೂರಿಸುತ್ತಾರೆ. ಕಿವಿಗೆ ಒಂದು ಕ್ಲಿಪ್. ಪೇಸ್ಟ್ ತಣ್ಣಗಿರುತ್ತದೆ, ನೋವಾಗುವುದಿಲ್ಲ. ಪರದೆ ಮೇಲೆ ಗೆರೆಗಳು ಓಡಲು ಶುರುವಾಗುತ್ತವೆ. ಈಗ ಹಲ್ಲು ಕಚ್ಚಿ ನೋಡಿ. ಗೆರೆಗಳು ದಪ್ಪಗೆ, ಕಪ್ಪಗೆ ಹುಚ್ಚೆದ್ದು ಕುಣಿಯುತ್ತವೆ. ಕಣ್ಣು ಮಿಟುಕಿಸಿದರೆ ಒಂದು ಗುಡ್ಡ ಏಳುತ್ತದೆ. ಇವು ಮಿದುಳಿನ ಅಲೆಗಳಲ್ಲ, ಸ್ನಾಯು ಮತ್ತು ಕಣ್ಣಿನವು. ಮಿದುಳಿನ ಅಲೆಗಿಂತ ಇವು ಎಷ್ಟೋ ಪಟ್ಟು ದೊಡ್ಡವು. ಒಳ್ಳೆಯ ಥೆರಪಿಸ್ಟ್ ಇದನ್ನು ಮೊದಲ ದಿನವೇ ತೋರಿಸಿ, ದವಡೆ ಸಡಿಲ ಬಿಡಿ, ಭುಜ ಇಳಿಬಿಡಿ ಅಂತ ಹೇಳಿಕೊಡುತ್ತಾರೆ. ವರ್ಷಗಟ್ಟಲೆ ದವಡೆ ಬಿಗಿಹಿಡಿದೇ ಬದುಕಿದವರಿಗೆ ಅದನ್ನು ಕಣ್ಣಾರೆ ಕಾಣುವುದೇ ಒಂದು ಪಾಠ.

ತರಬೇತಿ ಸುಮಾರು ಅರ್ಧ ಗಂಟೆ. ಅಲೆ ಬೇಕಾದ ಮಟ್ಟಕ್ಕೆ ಬಂದಾಗ ಪರದೆಯ ಚಿತ್ರ ಮುಂದೆ ಸಾಗುತ್ತದೆ ಅಥವಾ ಸಣ್ಣ ಸದ್ದು ಬರುತ್ತದೆ. "ಏನು ಮಾಡಬೇಕು?" ಅಂತ ಎಲ್ಲರೂ ಕೇಳುತ್ತಾರೆ. ಏನೂ ಮಾಡಬೇಕಾಗಿಲ್ಲ. ಬಲವಂತವಾಗಿ ಪ್ರಯತ್ನಿಸಿದಷ್ಟೂ ಚಿತ್ರ ನಿಲ್ಲುತ್ತದೆ. ಆಜ್ಞೆ ಪಾಲಿಸಿ ಅಭ್ಯಾಸವಾದ ಫೌಜಿಗಳಿಗೆ ಈ ಭಾಗವೇ ಕಷ್ಟ. ಮೊದಲ ಒಂದೆರಡು ವಾರ ಏನೂ ಆಗುತ್ತಿಲ್ಲ ಅನ್ನಿಸುವುದು ಸಹಜ.

ಫಿರಂಗಿ ದಳದಲ್ಲಿ ಇದ್ದವರಿಗೆ ಕಿವಿ ಮಂದವಾಗಿರಬಹುದು, ಇಲ್ಲವೇ ಒಳಗೆ ಗುಂಯ್‌ಗುಡುವ ಸದ್ದು ಇರಬಹುದು. ಅಂಥವರು ಸದ್ದಿನ ಬದಲು ಚಿತ್ರದ ಫೀಡ್‌ಬ್ಯಾಕ್ ಕೇಳಿ. ತಟ್ಟನೆ ಬರುವ ಬೀಪ್‌ಗೆ ಬೆಚ್ಚಿಬೀಳುವವರು ಸದ್ದನ್ನು ತಗ್ಗಿಸಿಕೊಳ್ಳಿ.

ಆಲ್ಫಾ–ಥೀಟಾ ತರಬೇತಿಯಲ್ಲಿ ಕಣ್ಣು ಮುಚ್ಚಿ, ಎಚ್ಚರ ಮತ್ತು ನಿದ್ದೆಯ ನಡುವಿನ ಸ್ಥಿತಿಗೆ ಹೋಗಬೇಕಾಗುತ್ತದೆ. ಆ ಹೊತ್ತಿನಲ್ಲಿ ಹಳೆಯ ದೃಶ್ಯಗಳು ಮೇಲೆ ಬರಬಹುದು. ಅದನ್ನೇ ಮೊದಲ ದಿನ ಶುರು ಮಾಡುವುದು ಬೇಡ ಅಂತ ಹೇಳಿ. ಕಣ್ಣು ತೆರೆದು ಮಾಡುವ ತರಬೇತಿಯಿಂದ ಆರಂಭಿಸಿ, ಮನಸ್ಸು ಸ್ವಲ್ಪ ನೆಲೆ ನಿಂತ ಮೇಲೆ ಅಲ್ಲಿಗೆ ಹೋಗಬಹುದು. ಕೈ ಎತ್ತಿದರೆ ನಿಲ್ಲಿಸಬೇಕು ಅನ್ನುವ ಒಪ್ಪಂದ ಮೊದಲೇ ಆಗಿರಲಿ.

ಮುಗಿದ ಕೂಡಲೇ ಬೈಕ್ ಹತ್ತಬೇಡಿ. ಕೆಲವರಿಗೆ ತೂಕಡಿಕೆ, ತಲೆ ಭಾರ ಇರುತ್ತದೆ. ಹೊರಗೆ ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಜೊತೆಗೆ ಬಂದವರೊಡನೆ ಹೊರಡಿ.

ಮನೆಯಲ್ಲಿ ಒಂದು ನೋಟ್‌ಬುಕ್

ಗುಣವಾಗುತ್ತಿದೆಯೇ ಅನ್ನುವುದನ್ನು ಕಂಪ್ಯೂಟರಿನ ಗ್ರಾಫ್ ಹೇಳುವುದಿಲ್ಲ. ಆಲ್ಫಾ ಏರಿದೆ ಅಂತ ಗ್ರಾಫ್ ತೋರಿಸಿ, ಮನೆಯಲ್ಲಿ ನಿದ್ದೆ ಹಾಗೇ ಕೆಟ್ಟಿದ್ದರೆ ಏನು ಪ್ರಯೋಜನ? ಅದಕ್ಕೇ ಒಂದು ನೂರು ಪುಟದ ನೋಟ್‌ಬುಕ್ ಇಡಿ. ದಿನಕ್ಕೊಂದು ಸಾಲು: ಎಷ್ಟು ಗಂಟೆ ನಿದ್ದೆ, ಕನಸಿಗೆ ಎಷ್ಟು ಸಲ ಎಚ್ಚರ, ಸಿಟ್ಟು ಕೈಮೀರಿತೇ, ಎಷ್ಟು ಕುಡಿದರು, ಮನೆಯಿಂದ ಹೊರಗೆ ಹೋದರೇ. ಶುರು ಮಾಡುವ ಮೊದಲಿನ ಎರಡು ವಾರವೂ ಬರೆದಿಟ್ಟಿದ್ದರೆ ಹೋಲಿಸಲು ಸಿಗುತ್ತದೆ. ಅವರೇ ಬರೆಯಲಿ. ಅವರಿಗೆ ಗೊತ್ತಿಲ್ಲದಂತೆ ಇನ್ನೊಬ್ಬರು ಬರೆದಿಡುವುದು ಬೇಡ, ಕಾವಲು ಹಾಕಿದ ಹಾಗಾಗುತ್ತದೆ.

ಡಾಕ್ಟರ್ ಬಳಿ ಪಿಸಿಎಲ್-5 ಅನ್ನುವ 20 ಪ್ರಶ್ನೆಗಳ ಪಟ್ಟಿ ಇರುತ್ತದೆ. ಅಂಕ 0ಯಿಂದ 80. 31–33ರ ಮೇಲಿದ್ದರೆ ಪಿಟಿಎಸ್‌ಡಿ ಇರುವ ಸಾಧ್ಯತೆ ಹೆಚ್ಚು ಅಂತ ಲೆಕ್ಕ. ಶುರುವಿನಲ್ಲಿ ಒಮ್ಮೆ, ಹತ್ತು ಸಿಟ್ಟಿಂಗ್ ಆದ ಮೇಲೆ ಒಮ್ಮೆ, ಇಪ್ಪತ್ತರ ಮೇಲೆ ಒಮ್ಮೆ ತುಂಬಿಸಿ. 10 ಅಂಕವಾದರೂ ಇಳಿದಿದ್ದರೆ ಅದು ನಿಜವಾದ ಬದಲಾವಣೆ ಅಂತ ಹಿಡಿಯಬಹುದು. ಹತ್ತರ ಹೊತ್ತಿಗೆ ನೋಟ್‌ಬುಕ್‌ನಲ್ಲೂ ಅಂಕದಲ್ಲೂ ಏನೂ ಕಾಣದಿದ್ದರೆ ಪ್ರೋಟೋಕಾಲ್ ಬದಲಿಸಲು ಕೇಳಿ. ಇಪ್ಪತ್ತಕ್ಕೂ ಹಾಗೇ ಇದ್ದರೆ ನಿಲ್ಲಿಸಿ. "ಇನ್ನು ಹತ್ತು ಮಾಡಿ ನೋಡೋಣ" ಅನ್ನುವ ಮಾತಿಗೆ ಸಾಲ ಮಾಡಬೇಡಿ. ಗುಣ ಕಾಣದಿದ್ದರೆ ಸೋತಿದ್ದು ಆ ವಿಧಾನ, ಸೈನಿಕನಲ್ಲ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ.

ತಲೆನೋವು, ಸುಸ್ತು, ಒಂದೆರಡು ದಿನ ಸಿಡುಕು, ಕಣ್ಣಿಗೆ ಕಟ್ಟಿದಂಥ ಕನಸು, ಇವು ಬರಬಹುದು. ಮುಂದಿನ ಸಿಟ್ಟಿಂಗ್‌ಗೆ ಮೊದಲೇ ತಿಳಿಸಿ. ಆದರೆ ಕೆಟ್ಟ ನೆನಪುಗಳು ಹಗಲಲ್ಲೂ ಬಿಡದೆ ಬರತೊಡಗಿದರೆ, ಕುಡಿತ ಏರಿದರೆ, "ನಾನಿಲ್ಲದಿದ್ದರೆ ನಿಮಗೇ ಸುಖ" ಅಂಥ ಮಾತು ಬಾಯಲ್ಲಿ ಬಂದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಅವರನ್ನು ಒಬ್ಬರೇ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 14416ಕ್ಕೆ ಫೋನ್ ಮಾಡಿ, ತುರ್ತಾದರೆ 112, ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಮನೆಯಲ್ಲೇ ಮಾಡುವ ಹೆಡ್‌ಬ್ಯಾಂಡ್

ಆನ್‌ಲೈನ್‌ನಲ್ಲಿ ಸಿಗುವ ಹೆಡ್‌ಬ್ಯಾಂಡ್‌ಗಳ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅವುಗಳಲ್ಲಿ ಹೆಚ್ಚಿನವು ಹಣೆಯ ಮೇಲೆ ಕೂರುತ್ತವೆ. ಹಣೆಯಲ್ಲಿ ಕಣ್ಣಿನ ಚಲನೆ, ಸ್ನಾಯುವಿನ ಬಿಗಿತ ಜಾಸ್ತಿ ಸಿಗುತ್ತದೆ. ಸುಮ್ನೆ ಉಸಿರಾಟದ ಅಭ್ಯಾಸಕ್ಕೆ ಆಗಬಹುದು. ಪಿಟಿಎಸ್‌ಡಿಗೆ ಚಿಕಿತ್ಸೆ ಅಂತ ಅದನ್ನು ನೆಚ್ಚಿಕೊಳ್ಳಬೇಡಿ. ನೆನಪು ನುಗ್ಗಿ ಬಂದಾಗ ಪಕ್ಕದಲ್ಲಿ ತಿಳಿದವರು ಇಲ್ಲದಿರುವುದೇ ಅದರ ದೊಡ್ಡ ಕೊರತೆ.

ಸಿಟ್ಟಿಂಗ್‌ಗಳು ಮುಗಿದ ಮೇಲೆ

ಗುಣ ಕಂಡಿದ್ದರೆ ಒಮ್ಮೆಲೇ ನಿಲ್ಲಿಸದೆ ಅಂತರ ಹೆಚ್ಚಿಸುತ್ತಾ ಬನ್ನಿ: ವಾರಕ್ಕೆ ಎರಡಿದ್ದದ್ದು ಒಂದು, ಆಮೇಲೆ ಹದಿನೈದು ದಿನಕ್ಕೊಂದು. ನಿದ್ದೆ ಸ್ವಲ್ಪ ಬರತೊಡಗಿದ, ಸಿಟ್ಟು ತಗ್ಗಿದ ಈ ಸಮಯವೇ ಮಾತಿನ ಚಿಕಿತ್ಸೆಗೆ ಒಳ್ಳೆಯ ಕಾಲ. ಮೊದಲು "ಬಾಯಿಬಿಟ್ಟು ಹೇಳೋದು ಬೇಡ" ಅಂದಿದ್ದವರಲ್ಲಿ ಕೆಲವರು ಈಗ ಒಪ್ಪಬಹುದು. ಒತ್ತಾಯ ಮಾಡದೆ ಒಮ್ಮೆ ಕೇಳಿ ನೋಡಿ. ಮಾತ್ರೆ ಇಳಿಸುವ ಯೋಚನೆ ಇದ್ದರೆ ನೋಟ್‌ಬುಕ್ ಹಿಡಿದುಕೊಂಡು ಮನೋವೈದ್ಯರ ಬಳಿ ಹೋಗಿ.

ಕೇಂದ್ರದಿಂದ ಎಲ್ಲ ಸಿಟ್ಟಿಂಗ್‌ಗಳ ದಾಖಲೆ, ಪ್ರೋಟೋಕಾಲ್ ವಿವರ, ಪಿಸಿಎಲ್-5 ಅಂಕಗಳ ಪ್ರತಿ ಕೇಳಿ ಪಡೆಯಿರಿ. ನಿಮ್ಮ ವೈದ್ಯಕೀಯ ದಾಖಲೆ ಪಡೆಯುವುದೂ ಕಾಯ್ದೆ ಕೊಟ್ಟ ಹಕ್ಕೇ. ಅವನ್ನು ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಆದೇಶ), ಇಸಿಎಚ್‌ಎಸ್ ಕಾಗದಗಳ ಜೊತೆ ಒಂದೇ ಫೈಲಿನಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ, ಮತ್ತೆ ದೀಪಾವಳಿಗೆ ಒಂದು ತಿಂಗಳ ಮೊದಲು, ಮನೋವೈದ್ಯರ ಅಪಾಯಿಂಟ್‌ಮೆಂಟ್ ಈಗಲೇ ಬರೆಸಿಕೊಳ್ಳಿ.